ಸೋಡಾದಲ್ಲಿ ಬೆಂದ ಹವಳ

ನನ್ನಣ್ಣನನ್ನು ನಾನು ಕ್ಷಮಿಸಿಲ್ಲ. ಕ್ಷಮಿಸು ಎಂದು ಬುದ್ಧಿ ಹೇಳುವವರ ಮನೆಗೂ ಹೋಗುವುದಿಲ್ಲ.

ತೊಂಬತ್ತರ ದಶಕದ ನಡುವೆ ನಾನು ದೊಡ್ಡಬಳ್ಳಾಪುರದಿಂದ ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಪಿಎಚ್.ಡಿ. ಮಾಡುತ್ತಿದ್ದೆ. ವಿಷಯ, ಸೈನುಲೇರಿಯಾ ಎಂಬ ಮೃದು ಹವಳ. ಉಂಗುರಕ್ಕೆ ಕೂರಿಸುವ ಕೆಂಪು ಹವಳವಲ್ಲ; ಕಡಲ ತಳದ ಬಂಡೆಗೆ ಅಂಟಿ ಬೆಳೆಯುವ, ಮುಟ್ಟಿದರೆ ಚರ್ಮದಂತಿರುವ ಜೀವಿ. ಓಡಲಾರದು, ಮೇಲೆ ಗಟ್ಟಿ ಚಿಪ್ಪೂ ಇಲ್ಲ. ಆದರೂ ಮೀನುಗಳು ಅದರ ತಂಟೆಗೆ ಬರುವುದಿಲ್ಲ, ಏಕೆಂದರೆ ಅದು ತನ್ನ ಮೈಯಲ್ಲೇ ವಿಷ ತಯಾರಿಸಿಕೊಳ್ಳುತ್ತದೆ. ಅದನ್ನು ಕಂಡು ನಾನು ಹೊಟ್ಟೆಕಿಚ್ಚು ಪಡುತ್ತಿದ್ದೆ.

ಮುಳುಗುಗಾರರು ಕಡಲಿನಿಂದ ತಂದುಕೊಟ್ಟ ಹವಳದ ಒಂದು ಚೂರನ್ನು ಮೆಥನಾಲಿನಲ್ಲಿ ನೆನೆಸಿ ಪರೀಕ್ಷಿಸಿದಾಗ, ಯಾವ ಪುಸ್ತಕದ ವಿವರಕ್ಕೂ ಹೊಂದದ, ಔಷಧಿಯಾಗಬಹುದಾದ ವಸ್ತುವೊಂದು ಕಂಡಿತ್ತು. ಅದನ್ನು ಬೇರ್ಪಡಿಸಿದರೆ ನನ್ನ ಪ್ರಬಂಧ ಮುಗಿದಂತೆ. ಮುಗಿಯದಿದ್ದರೆ ಮದುವೆ; ಅಪ್ಪ ಕೊಟ್ಟಿದ್ದು ಆ ಒಂದೇ ವರ್ಷದ ಗಡುವು.

ಉಳಿದ ಹವಳವನ್ನು ಒಣಗಿಸಬೇಕಿತ್ತು. ನಾತ ತಾಳಲಾರೆ, ಬೇರೆಲ್ಲಾದರೂ ಒಣಗಿಸು ಎಂದರು ಗೈಡ್, ಲ್ಯಾಬು ತಮ್ಮಪ್ಪನ ಆಸ್ತಿಯೇನೋ ಎಂಬಂತೆ. ಮನೆಗೆ ತಂದು, ರೇಷ್ಮೆ ಲಡಿಗಳನ್ನು ಒಣಹಾಕುವ ಹಿತ್ತಲ ಚಪ್ಪರದ ನೆರಳಲ್ಲಿ ಹರಡಿದೆ. ಅಣ್ಣ ನಮ್ಮ ಮಗ್ಗಗಳ ನೂಲಿಗೆ ಬಣ್ಣ ಹಾಕುವವನು. ಹಸಿ ರೇಷ್ಮೆಯನ್ನು ಮೊದಲು ಸಾಬೂನು, ಸೋಡಾ ಹಾಕಿದ ನೀರಲ್ಲಿ ಕುದಿಸಿ ಅಂಟು ತೆಗೆಯಬೇಕು, ಇಲ್ಲದಿದ್ದರೆ ಬಣ್ಣ ಹಿಡಿಯುವುದಿಲ್ಲ. "ಇದ್ರಲ್ಲಿ ಔಷ್ದಿ ಎಲ್ಲಿರುತ್ತೆ?" ಎಂದು ಕೇಳಿದ. ಅವನಿಗೂ ಆಸಕ್ತಿ ಬಂತಲ್ಲ ಎಂದು ಹಿಗ್ಗಿ, ಆ ಅಂಟುಮೈಯಲ್ಲೇ ಎಂದೆ.

ಮರುದಿನ ಸಂಜೆ ಬಂದಾಗ ಚಪ್ಪರ ಖಾಲಿ. ಹವಳದ ಚೂರುಗಳು ಅವನ ಹಂಡೆಯ ಪಕ್ಕ ಬಿಳಚಿಕೊಂಡು, ಮುಟ್ಟಿದರೆ ಮರಳಿನಂತೆ ಉದುರುತ್ತ ಬಿದ್ದಿದ್ದವು. ಕುದಿಸಿದ ನೀರು ಮೋರಿ ಸೇರಿತ್ತು.

"ಗಬ್ಬುನಾತ ಅಂತ ತೊಳ್ಕೊಟ್ಟವ್ನೆ ಕಣೆ, ಪಾಪ, ಗೊತ್ತಿಲ್ದೆ," ಎಂದಳು ಅಮ್ಮ.

"ಗೊತ್ತಿಲ್ದೆ ಏನಿಲ್ಲ," ಅಣ್ಣ ಕೈ ಒರೆಸಿಕೊಳ್ಳುತ್ತ ಹೇಳಿದ. "ಅಂಟಲ್ಲೇ ಇರೋದು ಅಂದ್ಯಲ್ಲ, ತೆಗ್ದ್ಬಿಟ್ಟೆ. ಸಾಕು ನೀನು ರೈಲಲ್ಲಿ ಮೆರ್ದಿದ್ದು."

ಆ ಪುಡಿಯನ್ನೇ ಲ್ಯಾಬಿಗೆ ಒಯ್ದು ಮತ್ತೆ ಪರೀಕ್ಷಿಸಿದೆ. ಏನೂ ಇರಲಿಲ್ಲ. ಮುಳುಗುಗಾರರು ಹವಳಕ್ಕೆ ಮತ್ತೆ ಕಡಲಿಗಿಳಿಯುವುದು ಮುಂದಿನ ವರ್ಷವೇ ಎಂದರು ಗೈಡ್. ಅಪ್ಪ ಕಾಯಲಿಲ್ಲ.

ನನ್ನ ಧಾರೆ ಸೀರೆಯ ನೂಲನ್ನು ಬೇಯಿಸಿ ಬಣ್ಣ ಹಾಕಿದವನೂ ಅಣ್ಣನೇ. ಮುಹೂರ್ತಕ್ಕೆ ಮುಂಚೆ ನೆಂಟರ ನಡುವೆ ನನ್ನ ಸೆರಗು ಹಿಡಿದು, "ಬಣ್ಣ ಹೆಂಗೆ ಹಿಡ್ದದೆ ನೋಡಿ," ಎಂದ. ಸೆರಗು ಕಿತ್ತುಕೊಂಡೆ. ಅವನು ನಗುತ್ತಲೇ ಇದ್ದ.