ಷೇರುಪೇಟೆ ಬಿದ್ದ ಮಳೆಗಾಲದಲ್ಲಿ ನಮ್ಮತ್ತೆ

ಮಾತನಾಡುವವರ ಬಾಯಿಯನ್ನು ನಮ್ಮತ್ತೆ ನೀಲವ್ವ ನೋಡುತ್ತಿರಲಿಲ್ಲ. ಅವರ ಕಣ್ಣು ಎದುರಿನವರ ಕೈಯ ಮೇಲೆ, ಜೇಬಿನ ಮೇಲೆ, ಚಪ್ಪಲಿಯ ಮೇಲೆ ಓಡಾಡುತ್ತಿತ್ತು. ಹಾಲಿನವನು ತಾನಾಗಿಯೇ ‘ನೀರು ಹಾಕಿಲ್ಲ ಆಜಿ’ ಎಂದು ಮರಾಠಿಯಲ್ಲಿ ಆಣೆ ಮಾಡಿದರೆ, “ಕೇಳದೇ ಆಣಿ ಯಾಕ ಮಾಡ್ತಾನ?” ಎಂದು ನನ್ನ ಕಡೆ ತಿರುಗುತ್ತಿದ್ದರು. ರಕ್ತದೊತ್ತಡ ಸರಿಯಾಗಿದೆ ಎಂದ ಡಾಕ್ಟರನ್ನು, ಆ ಯಂತ್ರ ಸರಿಯಾಗಿದೆಯೇ ಎಂದು ಕೇಳಿದವರು ಅವರು.

ವಿಜಯಪುರದ ಕಡೆಯ ಹಳ್ಳಿಯಿಂದ ಗಂಡನ ಜೊತೆ ಕಟ್ಟಡದ ಕೆಲಸಕ್ಕೆಂದು ಪುಣೆಗೆ ಬಂದು, ಇಟ್ಟಿಗೆ ಹೊತ್ತು, ವಿಧವೆಯಾಗಿ ಇಬ್ಬರು ಮಕ್ಕಳನ್ನು ಬೆಳೆಸಿದವರು. “ಕೂಲಿ ಕೊಡೂ ಮುಕಾದಮ ಹೇಳಿದ್ದೆಲ್ಲಾ ನಂಬಿದ್ರ ನಾವು ಇನ್ನೂ ತಗಡಿನ ಶೆಡ್ಡಿನಾಗ ಇರ್ತಿದ್ವಿ” ಎನ್ನುತ್ತಿದ್ದರು. ಮಗ ಬಸವರಾಜ ನನ್ನ ಗಂಡ, ರಾಂಜಣಗಾಂವದ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಮಗಳು ಸಾವಿತ್ರಿ ನಾನು ಈ ಮನೆಗೆ ಬರುವ ಮೊದಲೇ ಮರಾಠಿ ಹುಡುಗನೊಬ್ಬನನ್ನು ಮದುವೆಯಾಗಿ ಹೋಗಿದ್ದಳು. ಆಕೆಯ ಹೆಸರು ಮನೆಯಲ್ಲಿ ಯಾರ ಬಾಯಲ್ಲೂ ಬರುತ್ತಿರಲಿಲ್ಲ. ಒಂದು ಫೋಟೋ ಕೂಡ ಉಳಿದಿರಲಿಲ್ಲ.

ಆ ಮಳೆಗಾಲದಲ್ಲಿ ಷೇರುಪೇಟೆ ಬಿತ್ತು. ಟಿವಿಯ ತುಂಬ ಕೆಂಪು ಅಂಕಿಗಳು. ಲಿಫ್ಟಿನಲ್ಲಿ ಜನ ಒಬ್ಬರನ್ನೊಬ್ಬರು ನೋಡದೆ ನೆಲ ನೋಡುತ್ತಿದ್ದರು. ದೊಡ್ಡ ಮನೆ ಕೊಳ್ಳಬೇಕೆಂದು ನಾವು ಕೂಡಿಟ್ಟದ್ದೆಲ್ಲ ಷೇರುಗಳಲ್ಲೇ ಇತ್ತು. ಒಂದು ಸಂಜೆ ಗಂಡ ಚಹಾ ಕುಡಿಯುತ್ತಾ, “ನಮ್ಮದೂ ಹೋತು ಶೋಭಾ. ಎಲ್ಲಾರದೂ ಹೋಗ್ಯದ” ಎಂದರು. ನಾನು ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ. ಮರುದಿನದಿಂದ ಕೆಲಸದವಳನ್ನು ಬಿಡಿಸಿದೆ, ಹೊಸ ಸೀರೆಯ ಆಸೆ ಬಿಟ್ಟೆ. ಊರಿಗೆ ಊರೇ ಕಳೆದುಕೊಂಡಿರುವಾಗ ಗಂಡನನ್ನು ಏನೆಂದು ದೂರುವುದು?

ನಮ್ಮತ್ತೆ ಮಾತ್ರ ನಂಬಲಿಲ್ಲ. ಎದುರುಮನೆಯ ಕುಲಕರ್ಣಿಯವರು ಗಡ್ಡ ಬಿಟ್ಟುಕೊಂಡು ಮೆಟ್ಟಿಲಿಳಿಯುವುದನ್ನು ಬಾಗಿಲ ಸಂದಿಯಿಂದ ತೋರಿಸಿ, “ಕಳಕೊಂಡಾವನ ಮಾರಿ ಹಿಂಗಿರ್ತದ. ನಿನ್ನ ಗಂಡ ನೋಡು, ರೊಟ್ಟಿ ಮ್ಯಾಲ ರೊಟ್ಟಿ ತಿಂದು ಗೊರಕಿ ಹೊಡಿತಾನ” ಎಂದರು.

“ಧೈರ್ಯ ಅದ ಅವರಿಗೆ, ಅತ್ತಿ.”

“ಧೈರ್ಯ ಇದ್ದಾವ ಹೆಂಡ್ತಿ ಮಾರಿ ನೋಡಿ ಮಾತಾಡ್ತಾನ. ಅಂವಾ ಚಹಾದ ಕಪ್ಪು ನೋಡಿ ಮಾತಾಡಿದ.”

ಆ ಮಾತು ನನ್ನೊಳಗೆ ಸೇರಿಕೊಂಡಿತು. ಗಂಡ ಫೋನ್ ಹಿಡಿದು ಬಾಲ್ಕನಿಗೆ ಹೋಗಿ ಬಾಗಿಲು ಮುಂದೆ ಮಾಡಿಕೊಳ್ಳುವುದು ಆಗ ನನ್ನ ಕಣ್ಣಿಗೆ ಬಿತ್ತು. ರವಿವಾರಗಳಲ್ಲೂ ಓವರ್‌ಟೈಮ್ ಎಂದು ಹೊರಡುವುದು ಕಂಡಿತು. ಅತ್ತೆ ಮಗನ ಚೀಲ ಮೂಸುವರು, ನಾನು ಅಂಗಿ ಮೂಸುವೆ. ನಾವಿಬ್ಬರೂ ಅಷ್ಟು ಒಗ್ಗಟ್ಟಿನಿಂದ ಇದ್ದದ್ದು ಆ ದಿನಗಳಲ್ಲೇ.

ಒಂದು ರವಿವಾರ ಪುಣೆಯಲ್ಲಿ ಹನಿ ಮಳೆಯಿರಲಿಲ್ಲ. ಸಂಜೆ ಮಗ ಬಂದು ಕೂತ ಮೇಲೆ ಅತ್ತೆ ಅಕ್ಕರೆಯಿಂದ, “ರಾಂಜಣಗಾಂವದಾಗ ಮಳಿ ಆತೇನಪಾ?” ಎಂದು ಕೇಳಿದರು.

“ಎಲ್ಲೀ ಮಳಿ ಅವ್ವಾ, ಬಿಸಲು ಭಾಳ.”

ಅತ್ತೆ ಅಡುಗೆಮನೆಗೆ ಬಂದು, ಮಗನ ಚೀಲದಿಂದ ತೆಗೆದ ಕೊಡೆಯನ್ನು ಸಿಂಕಿನ ಮೇಲೆ ಬಿಚ್ಚಿದರು. ನೀರು ಇಳಿಯಿತು. ಪುಣೆ ಒಣಗಿರುವಾಗಲೂ ಇಷ್ಟು ಮಳೆ ಸುರಿಯುವುದು ಘಟ್ಟದ ಮೇಲಿನ ಲೋಣಾವಳಾದ ಕಡೆಗೇ. “ಬರೂ ರವಿವಾರ ನೋಡೇ ಬಿಡೂಣು” ಎಂದರು ಅತ್ತೆ.

ಮುಂದಿನ ರವಿವಾರ ಗಂಡ ಹೊರಟ ಮೇಲೆ ನಾವೂ ರಿಕ್ಷಾ ಹತ್ತಿದೆವು. ಶಿವಾಜಿನಗರ ಸ್ಟೇಷನ್ನಿನಲ್ಲಿ ಅವರು ಲೋಣಾವಳಾ ಲೋಕಲ್ ಹತ್ತುವುದನ್ನು ಕಂಬದ ಮರೆಯಿಂದ ಕಂಡು, ನಾವು ಹೆಂಗಸರ ಡಬ್ಬಿಗೆ ಹತ್ತಿದೆವು. ದಾರಿಯುದ್ದಕ್ಕೂ ನಾನು, ಗಂಡ ನನಗೆ ತಿಳಿಯದಂತೆ ಇಟ್ಟುಕೊಂಡ ಹೆಣ್ಣಿಗೆ ಏನೇನು ಬೈಯಬೇಕೆಂದು ಯೋಚಿಸುತ್ತಿದ್ದೆ. ಅತ್ತೆ ಸೆರಗು ತಲೆಗೆಳೆದುಕೊಂಡು, ಕಿಟಕಿಯ ಹೊರಗೆ ನೋಡುತ್ತಿದ್ದರು.

ಲೋಣಾವಳಾದಲ್ಲಿ ಮಳೆ ಧೋ ಎನ್ನುತ್ತಿತ್ತು. ಮುಂದೆ ಗಂಡನ ಕೊಡೆ, ಹಿಂದೆ ನಾವು. ಓಣಿಯೊಂದರ ತುದಿಯಲ್ಲಿ ಶೇಂಗಾ-ಬೆಲ್ಲದ ಚಿಕ್ಕಿ ಮಾಡಿ ಮಾರುವ ಪುಟ್ಟ ಅಂಗಡಿ. ಒಳಗಿನಿಂದ ಬಂದ ಹೆಂಗಸೊಬ್ಬಳು ನಗುತ್ತಾ ಅವರ ಕೈಗೆ ಟವೆಲ್ ಕೊಟ್ಟಳು. ಅವರು ಸ್ವಂತ ಮನೆಯೆಂಬಂತೆ ತಲೆ ಒರೆಸಿಕೊಂಡರು. ನನ್ನ ಮೈ ಉರಿದುಹೋಯಿತು. ಮುಂದೆ ನುಗ್ಗಿದ ನನ್ನ ರಟ್ಟೆಯನ್ನು ಅತ್ತೆ ಗಟ್ಟಿಯಾಗಿ ಹಿಡಿದರು.

“ತಡಿ ಶೋಭಾ. ಆಕಿ ನನ್ನ ಮಗಳು.”

ನನಗೆ ಒಂದು ಗಳಿಗೆ ಅರ್ಥವೇ ಆಗಲಿಲ್ಲ. ಅಷ್ಟರಲ್ಲಿ ಗಂಡ ನಮ್ಮನ್ನು ಕಂಡು ಎದ್ದು ನಿಂತಿದ್ದರು, ಟವೆಲ್ ಕೈಯಲ್ಲೇ ಇತ್ತು. ಸಾವಿತ್ರಿಯ ಗಂಡ ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದಿದ್ದ. ಅಂಗಡಿ ಕೈಬಿಟ್ಟು ಹೋಗುವುದರಲ್ಲಿತ್ತು. ತಂಗಿಯ ಕಷ್ಟ ತಿಳಿದ ಅಣ್ಣ, ಪೇಟೆ ಬೀಳುವ ಮೊದಲೇ ನಮ್ಮ ಷೇರುಗಳನ್ನೆಲ್ಲ ಮಾರಿ ಇಲ್ಲಿ ಹಾಕಿದ್ದರು. “ಅವ್ವ ಒಪ್ಪೂದಿಲ್ಲ, ನೀ ಬಿಡೂದಿಲ್ಲ ಅಂತ ಮುಚ್ಚಿಟ್ಟೆ” ಎಂದು ನನಗೆ ತಡವರಿಸುತ್ತಾ ಹೇಳಿದರು. “ಆಮ್ಯಾಲ ಪೇಟೆನೇ ಬಿತ್ತು. ಎಲ್ಲಾರೂ ಕಳಕೊಂಡಾಗ ನಾನೂ ಕಳಕೊಂಡೆ ಅಂದ್ರ ಯಾರು ಕೇಳ್ತಾರ ಅಂತ ಹೇಳಿಬಿಟ್ಟೆ.”

ಸವತಿಯಲ್ಲ, ನಾದಿನಿ ಎಂದು ತಿಳಿದು ಸಮಾಧಾನವಾಯಿತೇ, ಮೋಸ ಹೋದೆನೆಂದು ಸಿಟ್ಟು ಬಂತೇ, ಇವತ್ತಿಗೂ ಹೇಳಲಾರೆ. ಎರಡೂ ಬಂದವು. ಗಂಡನ ಜೊತೆ ಬಹಳ ದಿನ ಸರಿಯಾಗಿ ಮಾತಾಡಲಿಲ್ಲ.

ಅತ್ತೆ ಅಷ್ಟು ಹೊತ್ತೂ ಮಳೆಯಲ್ಲೇ ನಿಂತಿದ್ದರು. ಸಾವಿತ್ರಿ ಪಾಕದ ಸೌಟು ಹಿಡಿದು ಬಾಗಿಲಲ್ಲೇ ನಿಂತಿದ್ದಳು, ಒಳಗೆ ಕರೆಯುವ ಧೈರ್ಯ ಆಕೆಗಿರಲಿಲ್ಲ. ಕೊನೆಗೆ ಅತ್ತೆಯೇ ಮೆಟ್ಟಿಲು ಹತ್ತಿ, ತಟ್ಟೆಯಲ್ಲಿದ್ದ ಚಿಕ್ಕಿಯ ಚೂರೊಂದನ್ನು ಮುರಿದು ಮೂಸಿ, ಬಾಯಿಗೆ ಹಾಕಿಕೊಂಡರು.

“ಬೆಲ್ಲ ಎಲ್ಲಿಂದ ತರ್ತಿ? ಕಲಬೆರಕಿ ಇದ್ದಂಗದ.”

“ಇಲ್ಲವ್ವಾ, ಚಲೋ ಬೆಲ್ಲ ಅದ” ಎಂದಳು ಸಾವಿತ್ರಿ.

“ಅಂಗಡಿಯಾಂವ ಹೇಳಿದ, ನೀ ನಂಬಿದಿ.” ಅತ್ತೆ ಆಕೆಯ ಕೈಯಿಂದ ಸೌಟು ತೆಗೆದುಕೊಂಡರು. ಆಮೇಲೆ ನನ್ನತ್ತ ತಿರುಗಿ, “ನಿನ್ನ ರೊಕ್ಕ ಆ ಪೇಟ್ಯಾಗ ಇದ್ದಿದ್ರ ಖರೇನೇ ಹೋಗ್ತಿತ್ತು. ಇಲ್ಲಿ ಅದ. ಈಕಿ ಯಾರನ್ನಾದ್ರೂ ನಂಬ್ತಾಳ, ಕಾಯಾಕ ಒಬ್ಬರು ಬೇಕು. ನೀವಿಬ್ಬರೂ ಹೋಗ್ರಿ” ಎಂದರು.

ಅವರು ನಮ್ಮ ಜೊತೆ ಮರಳಲಿಲ್ಲ. ಆ ಅಂಗಡಿಯ ಗಲ್ಲಾದ ಪಕ್ಕ ಮಣೆ ಹಾಕಿಕೊಂಡು ಕೂತು, ಪ್ರವಾಸಿಗಳ ಚಪ್ಪಲಿ ನೋಡುತ್ತಾ, ಅಳಿಯನ ಮಾತ್ರೆಗಳನ್ನು ಬೆಳಕಿಗೆ ಹಿಡಿದು ಪರೀಕ್ಷಿಸುತ್ತಾ, ಉಳಿದ ವರ್ಷಗಳನ್ನು ಅಲ್ಲೇ ಕಳೆದರು.

ಕೊನೆಯ ಸಲ ನಾನು ಹೋದಾಗ ಹಾಸಿಗೆಯಲ್ಲಿದ್ದರು. ಸಾವಿತ್ರಿ ಗಂಜಿ ತರಲು ಒಳಗೆ ಹೋಗಿದ್ದಳು. ಬಹಳ ದಿನದಿಂದ ಮನಸ್ಸಿನಲ್ಲಿದ್ದದ್ದನ್ನು ಆಗ ಕೇಳಿಬಿಟ್ಟೆ.

“ಅತ್ತಿ, ಖರೇ ಹೇಳ್ರಿ. ಆಕಿ ಲೋಣಾವಳಾದಾಗ ಇದ್ದಾಳ ಅಂತ ನಿಮಗ ಮೊದಲೇ ಗೊತ್ತಿತ್ತಲ್ಲಾ? ಕೊಡೆ ನೋಡಿದ ಕೂಡ್ಲೇ ಗೊತ್ತಾಗಿತ್ತಲ್ಲಾ? ಬರಾಕ ಒಂದು ನೆಪ ಬೇಕಾಗಿತ್ತೇನು?”

ಅತ್ತೆ ನನ್ನನ್ನು ತಲೆಯಿಂದ ಕಾಲಿನವರೆಗೆ ನಿಧಾನವಾಗಿ ನೋಡಿದರು.

“ನಿನಗ ಈಚಿಗೆ ಸಂಶಯ ಭಾಳ ಆಗ್ಯದ” ಎಂದು ಗೋಡೆಯ ಕಡೆಗೆ ಮಗ್ಗುಲಾದರು. ಬೆನ್ನು ನಕ್ಕಂತೆ ಅಲುಗಿತು.