ವಾಸಣ್ಣನ ಕಾರಿನ ನೀರಿನ ಚೊಂಬು

ನಮ್ಮ ವಾಸಣ್ಣನ ಕಾರನ್ನು ಸೈಕಲ್ಲಿನವರೂ ಹಿಂದೆ ಹಾಕುತ್ತಿದ್ದರು. ಅವನಿಗೆ ಚೂರೂ ಬೇಸರವಿಲ್ಲ; ಕಿಟಕಿಯಿಂದ ಕೈ ಬೀಸಿ ದಾರಿ ಬಿಡುತ್ತಿದ್ದ. ಮುಂಬಯಿಯ ಬೈಕುಲ್ಲಾದಲ್ಲಿ ಅವನದೊಂದು ಪುಟ್ಟ ಹೋಟೆಲು, ಮನೆ ವಡಾಲದ ನಮ್ಮ ಬಿಲ್ಡಿಂಗಿನಲ್ಲೇ. ಹೊರಡುವ ಮೊದಲು ಹಿತ್ತಾಳೆ ಚೊಂಬಿಗೆ ಕಂಠದವರೆಗೆ ನೀರು ತುಂಬಿ ಮುಂದಿನ ಸೀಟಿನವರ ಪಾದದ ಬಳಿ ಇಡುವುದು ಅವನ ಪದ್ಧತಿ. ಊರಿಂದ ಬಂದ ಹೊಸತರಲ್ಲಿ ಮಿಲ್ಲುಗಳ ಮೆಟ್ಟಿಲು ಹತ್ತಿ, ತುಂಬಿದ ಗ್ಲಾಸು ತುಳುಕಿಸದೆ ಚಹಾ ಕೊಟ್ಟವನು ಅವನು. "ಚೆಲ್ಲದ ಹಾಗೆ ಹೋಗ್ಲಿಕ್ಕೆ ಬಂದ್ರೆ ಆಯ್ತು. ಡ್ರೈವಿಂಗ್ ಅಂದ್ರೆ ಮತ್ತೆಂಥ ಉಂಟು?" ಎನ್ನುತ್ತಿದ್ದ. ಅವನ ಜೊತೆ ಹೊರಟರೆ ನನಗೆ ತಲೆ ಕೆಡುತ್ತಿತ್ತು.

ಐವತ್ತರ ದಶಕದ ಮಾತು. ಎರಡು ಸಲ ಗರ್ಭ ಕಳೆದುಕೊಂಡಿದ್ದ ನನ್ನಕ್ಕನಿಗೆ ಮತ್ತೆ ಏಳು ತಿಂಗಳು ತುಂಬಿತ್ತು. ಹೆರಿಗೆ ಕುಂದಾಪುರದ ತವರಿನಲ್ಲೇ, ಅಮ್ಮನ ಹತ್ತಿರವೇ ಆಗಬೇಕೆಂದು ಹಟ. ಸ್ಟೀಮರಿನಲ್ಲಿ ಅವಳಿಗೆ ವಾಂತಿ. ರೈಲಿಳಿದು ಘಟ್ಟದ ಬಸ್ಸು ಹತ್ತುವುದು ಬೇಡವೇ ಬೇಡ ಎಂದರು ಡಾಕ್ಟರು. ಭಾವನಿಗೆ ರಜೆಯೂ ಇಲ್ಲ. ಆಗ ವಾಸಣ್ಣ, "ನಾನು ಕರ್ಕೊಂಡು ಹೋಗ್ತೇನೆ ಮಾರಾಯ, ಎಷ್ಟು ದಿನ ಬೇಕಾದ್ರೂ ಆಗ್ಲಿ" ಎಂದ. ಜೊತೆಗೆ ನಾನು ಹೊರಟೆ.

ಖಂಡಾಲಾ ಘಾಟಿನಲ್ಲಿ ಹಿಂದಿನ ಲಾರಿಯವ ಮರಾಠಿಯಲ್ಲಿ ನಮಗೆ ಮಂಗಳಾರತಿ ಎತ್ತಿದ. ವಾಸಣ್ಣ ಕಾರು ಬದಿಗೆ ಹಾಕಿ ಅವನಿಗೆ ಕೈಮುಗಿದ. ನೆರಳು ಕಂಡಲ್ಲಿ ನಿಲ್ಲಿಸುವುದು, ಎಳನೀರು ಕಂಡಲ್ಲಿ ನಿಲ್ಲಿಸುವುದು; ಬೆಳಗಾವಿಯಲ್ಲಂತೂ ಅಕ್ಕನ ಕಾಲಿನ ಊತ ಇಳಿಯುವವರೆಗೆ ಠಿಕಾಣಿ.

"ಹೀಗೆ ಹೋದ್ರೆ ಮಗು ಕಾರಲ್ಲೇ ಹುಟ್ತದೆ" ಎಂದೆ.

"ಹುಟ್ಲಿ. ಚೊಂಬಲ್ಲಿ ನೀರುಂಟಲ್ಲ" ಎಂದ. ವಡಾಲ ಬಿಟ್ಟ ಮೇಲೆ ಅಕ್ಕ ನಕ್ಕದ್ದು ಆಗಲೇ.

ಅರಬೈಲು ಘಟ್ಟ ಇಳಿದು ಅಂಕೋಲೆಯ ಹತ್ತಿರ ಕಡಲು ಕಂಡಿತು. ಅದನ್ನು ನೋಡಿದ ಖುಷಿಯಲ್ಲಿ ಒಂದು ಗುಂಡಿ ವಾಸಣ್ಣನ ಕಣ್ಣು ತಪ್ಪಿತು. ಕಾರು ದಡಕ್ಕೆಂದಿತು. ಚೊಂಬು ಉರುಳಿ ನನ್ನ ಕಾಲೆಲ್ಲ ಒದ್ದೆ. ಅಕ್ಕ ಹೊಟ್ಟೆ ಹಿಡಿದುಕೊಂಡು ಕಣ್ಣು ಮುಚ್ಚಿದಳು. ವಾಸಣ್ಣ ಕೆಳಗಿಳಿದು ಅವಳ ಬಾಗಿಲು ತೆರೆದು ನಿಂತ, ಮುಖ ಬಿಳಿಚಿಕೊಂಡಿತ್ತು. ತುಂಬ ಹೊತ್ತಿನ ಮೇಲೆ ಅಕ್ಕ ಕಣ್ಣು ಬಿಟ್ಟಳು.

"ಒದೀತಾ ಉಂಟು ವಾಸಣ್ಣ. ನಿನ್ನ ಮೇಲೆ ಸಿಟ್ಟು ಬಂದಿರ್ಬೇಕು."

ಅಬ್ಬ, ಹೋದ ಜೀವ ಬಂತು. ವಾಸಣ್ಣ ರಸ್ತೆಬದಿಯಲ್ಲೇ ಕೂತು, ಟವೆಲಿನಿಂದ ಮುಖ ಮುಚ್ಚಿ ಅತ್ತುಬಿಟ್ಟ. ಆಮೇಲೆ ಯಾರದೋ ಬಾವಿಯಿಂದ ಚೊಂಬು ತುಂಬಿಸಿ ತಂದ. ಮುಂದಿನ ಹೊಳೆಗಳಲ್ಲಿ, ದೋಣಿ ಜೋಡಿಸಿದ ಜಂಗಲಿನ ಮೇಲೆ ಕಾರು ದಾಟುವಾಗ, ಚೊಂಬನ್ನು ಕೈಯಲ್ಲೇ ಹಿಡಿದು ನಿಂತಿದ್ದ. ಕುಂದಾಪುರದ ಮನೆಯಂಗಳದಲ್ಲಿ ಅಮ್ಮ ಅದೇ ನೀರನ್ನು ಅಕ್ಕನ ಕಾಲಿಗೆ ಹಾಕಿ ಒಳಗೆ ಕರೆದಳು. ಸುಮತಿ ಸುಖವಾಗಿ ಹುಟ್ಟಿದಳು.

ವಾಸಣ್ಣ ತೀರಿಕೊಂಡು ಬಹಳ ವರ್ಷಗಳಾದವು. ನಾನು ಅವನನ್ನು ಕೊನೆಯದಾಗಿ ಕಂಡದ್ದು ಸುಮತಿ ಓಡಿಸುತ್ತಿದ್ದ ಕಾರಿನಲ್ಲಿ. ಮುದುಕನಿಗೆ ಪವಾಯಿ ಕೆರೆ ನೋಡುವ ಆಸೆ. ಬೇರೆಯವರ ಡ್ರೈವಿಂಗಿನಲ್ಲಿ ಕಣ್ಣು ಮುಚ್ಚಿದವನೇ ಅಲ್ಲ ಅವನು. ತುಂಬಿದ ಚೊಂಬನ್ನು ತೊಡೆಯ ಮೇಲಿಟ್ಟುಕೊಂಡು ಮುಂದೆ ಕೂತ.

"ಅಜ್ಜಾ, ಡರ್ ಲಗ್ತಾ ಹೈ ಕ್ಯಾ?" ಎಂದು ಸುಮತಿ ಹಿಂದಿಯಲ್ಲಿ ಅವನ ಹೆದರಿಕೆಯನ್ನು ಛೇಡಿಸಿದಳು.

"ಸೀದಾ ನೋಡು" ಎಂದ.

ಘಾಟ್‌ಕೋಪರ್ ದಾಟಿದ ಮೇಲೆ, ಅಲ್ಲಿವರೆಗೆ ಒಂದು ಹನಿಯೂ ಚೆಲ್ಲದ ಚೊಂಬನ್ನೆತ್ತಿ ನೀರನ್ನೆಲ್ಲ ಗಟಗಟ ಕುಡಿದ. ಖಾಲಿ ಚೊಂಬನ್ನು ಹಿಂದೆ ಕೂತಿದ್ದ ನನ್ನ ಕೈಗೆ ಕೊಟ್ಟು, ಸೀಟಿಗೊರಗಿ ಗೊರಕೆ ಹೊಡೆಯತೊಡಗಿದ.