ಕೆಂಪು ಗೆರೆ ಎಳೆದ ಜೋಡಿ

ಟಪ್... ಮರದ ಫೂಟ್‌ಪಟ್ಟಿ ಸಿಮೆಂಟ್ ನೆಲಕ್ಕೆ ಬೀಳುವ ಸದ್ದು. ಮೊನ್ನೆ ಕಪಾಟು ಒರೆಸುವಾಗ ಹಳೆಯ ಪಟ್ಟಿ ಕೈಜಾರಿತು. ಆ ಸದ್ದಿಗೆ ನಿಪ್ಪಾಣಿಯ ತಂಬಾಕು ವಖಾರಿ ಎದುರಿಗೆ ಬಂದು ನಿಂತಿತು. ಜೊತೆಗೆ, ಎಲ್ಲರೂ ಮಾವಶಿ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದ ಆ ಹೆಂಗಸು.

ಎಂಬತ್ತರ ದಶಕದ ಮಾತು. ಚಿಕ್ಕೋಡಿಯ ಕಾಲೇಜಿನಲ್ಲಿ ಸೈಕಾಲಜಿ ಪಾಠ ಹೇಳುತ್ತಲೇ ಎಂ.ಫಿಲ್. ಮಾಡುತ್ತಿದ್ದೆ. ಕಾನ್ವೆಂಟ್ ಇಂಗ್ಲಿಷ್, ಇಸ್ತ್ರಿ ಮಾಡಿದ ಕಾಟನ್ ಸೀರೆ, ಒಂದು ಫೂಟ್‌ಪಟ್ಟಿ... ಅಷ್ಟೇ ನನ್ನ ಲ್ಯಾಬೊರೇಟರಿ. ದಿನವಿಡೀ ತಂಬಾಕಿನ ಧೂಳಿನಲ್ಲಿ ಕೂತರೆ ರಿಯಾಕ್ಷನ್ ಟೈಮ್ ನಿಧಾನವಾಗುತ್ತದೆಯೇ ಎಂಬುದು ಪ್ರಶ್ನೆ. ನಾನು ಪಟ್ಟಿಯನ್ನು ಮೇಲೆ ಹಿಡಿದು, ಹೇಳದೆ ಬಿಡಬೇಕು. ಅವರು ಕೆಳಗೆ ಎರಡು ಬೆರಳಲ್ಲಿ ಹಿಡಿಯಬೇಕು. ಎಷ್ಟು ಸೆಂಟಿಮೀಟರ್ ಜಾರಿತೋ ಅಷ್ಟು ತಡ. ಹನ್ನೆರಡು ಹೆಂಗಸರು, ಮುಂಜಾನೆ ಕೆಲಸಕ್ಕೆ ಕೂರುವ ಮುಂಚೆ ಒಮ್ಮೆ, ಸಂಜೆ ಬಿಟ್ಟಾಗ ಒಮ್ಮೆ. ಪೇರ್ಡ್ ಟೆಸ್ಟ್‌ನ ಚೆಲುವೇ ಅದು. ಅವಳನ್ನು ಇವಳಿಗೆ ಹೋಲಿಸುವುದಿಲ್ಲ, ಪ್ರತಿಯೊಬ್ಬಳನ್ನೂ ಅವಳಿಗೇ ಹೋಲಿಸುತ್ತೇವೆ. ಹೌ ಫೇರ್, ಎಂದುಕೊಂಡಿದ್ದೆ.

ಮಾವಶಿ ತಂಬಾಕಿನಿಂದ ಕಡ್ಡಿ ಆರಿಸುವವರು. ಕೈ ಮಂದವಾದ ವಯಸ್ಸಾದವರನ್ನು ತಂಬಾಕು ಸೋಸುವ ಜರಡಿಗೆ ಹಾಕುತ್ತೇನೆಂದು ವಖಾರಿಯ ಮೇಸ್ತ್ರಿ, ಮುಕಾದಮ, ಹೆದರಿಸುತ್ತಿದ್ದ. ಜರಡಿಯ ಬಳಿ ಧೂಳು ಉಸಿರು ಕಟ್ಟುವಷ್ಟು. ಅದಕ್ಕೇ ಮಾವಶಿಗೆ ನನ್ನ ಪಟ್ಟಿಯ ಮೇಲೆ ಅಷ್ಟು ಆಸೆ.

“ಬರಕೋರಿ ಬಾಯಾರ, ನನ್ನ ಕೈ ಇನ್ನೂ ಮಂದ ಆಗಿಲ್ಲಂತ.”

“ಹಿಂಗ ನಿನ್ನ ಸೊಸಿ ಬಾಯಿ ಹಿಡಿ ನೋಡೂಣು, ಮಾವಶಿ!” ಎಂದಳು ಪಕ್ಕದವಳು.

“ಅದಕ್ಕ ಈ ಪಟ್ಟಿ ಸಾಲಂಗಿಲ್ಲಬೇ, ಇಲ್ಲಿಂದ ಕೊಗನೊಳ್ಳಿ ತನಕಾ ಬೇಕು!”

ಹನ್ನೊಂದು ಜನರ ಕೈ ಸಂಜೆಗೆ ತಡವಾಗಿತ್ತು. ಮಾವಶಿಯದು ಮಾತ್ರ ಉಲ್ಟಾ. ಮುಂಜಾನೆ ಹದಿನಾಲ್ಕು ಸೆಂಟಿಮೀಟರ್, ಸಂಜೆ ಹನ್ನೊಂದು, ಎಲ್ಲರಿಗಿಂತ ಕಡಿಮೆ. “ಮುಂಜಾನಿ ಕೈ ನಿದ್ದಿಗಣ್ಣಾಗ ಇರ್ತಾವ್ರಿ,” ಎಂದು ನಕ್ಕಿದ್ದರು.

ಭಾನುವಾರ ಲೆಕ್ಕ ಹಾಕಿದೆ. ಅವರ ಮುಂಜಾನೆ-ಸಂಜೆಯ ಜೋಡಿ ಸೇರಿಸಿದರೆ ಉತ್ತರ ಸ್ಟಾಟಿಸ್ಟಿಕ್ಸ್ ಟೇಬಲ್‌ನ ಅಂಕಿಯನ್ನು ಮುಟ್ಟುತ್ತಿರಲಿಲ್ಲ, ಬಿಟ್ಟರೆ ಸಿಗ್ನಿಫಿಕೆಂಟ್, ನನ್ನ ಊಹೆ ಸಾಬೀತು. ಕೆಂಪು ಪೆನ್ಸಿಲಿನಿಂದ ಗೆರೆ ಎಳೆದೆ. ಪಕ್ಕದಲ್ಲಿ ನನ್ನ ಮುದ್ದಾದ ಅಕ್ಷರದಲ್ಲಿ ‘ಇನ್‌ಅಟೆಂಟಿವ್’ ಎಂದು ಬರೆದೆ. ಅವರೇ? ಲಕ್ಷ್ಯವಿಲ್ಲದವರು?...

ಥ್ಯಾಂಕ್ಸ್ ಹೇಳಲು ವಖಾರಿಗೆ ಹೋದಾಗ ಮುಕಾದಮ ನನ್ನ ನೋಟ್‌ಬುಕ್ ತಿರುವಿದ. ಇಂಗ್ಲಿಷ್ ಅವನಿಗೆ ಬಾರದು. ಕೆಂಪು ಗೆರೆಗೆ ಯಾವ ಭಾಷೆ ಬೇಕು?

“ಇದ್ಯಾರ್ದರಿ, ಹೊಡದ ಹಾಕೀರಿ?”

“ಮಾವಶಿದು,” ಎಂದೆ.

“ನಂಗ ಗೊತ್ತಿತ್ತ ಬಿಡ್ರಿ, ಆ ಕೈ ಮುಗದಾವ.”

ಮಾವಶಿ ಅಲ್ಲೇ ಕೂತಿದ್ದರು. ನನ್ನ ಮುಖ ನೋಡಿದರು. ಎಲ್ಲರಿಗಿಂತ ಚುರುಕು ಕೈ ಇವರದು ಎಂದು ಹೇಳಬಹುದಿತ್ತು. ಹಾಗಾದರೆ ಯಾಕೆ ಗೆರೆ ಹೊಡೆದಿರಿ ಎಂದು ಕೇಳಿದರೆ? ಆ ಪ್ರಶ್ನೆ ನನ್ನ ಗೈಡ್ ಸರ್ ತನಕ ಹೋದರೆ? ನೋಟ್‌ಬುಕ್ ಮುಚ್ಚಿ ಎದ್ದುಬಿಟ್ಟೆ. ಮರುವಾರದಿಂದ ಮಾವಶಿ ಜರಡಿಯ ಮುಂದೆ. ನನಗೆ ಎಂ.ಫಿಲ್. ಬಂತು. ಫಸ್ಟ್ ಕ್ಲಾಸ್.

ಪಟ್ಟಿಯನ್ನು ನೆಲದಿಂದ ಎತ್ತಿಕೊಳ್ಳಲು ಈಗ ನನಗೆ ಗೋಡೆ ಹಿಡಿಯಬೇಕು. ಮಾವಶಿ ತೀರಿಹೋಗಿ ಎಷ್ಟೋ ವರ್ಷವಾಯಿತಂತೆ. ಸುದ್ದಿ ನನಗೆ ತಡವಾಗಿ ತಿಳಿಯಿತು. ಕೊನೆಯ ಸಲ ಅವರನ್ನು ನೋಡಿದ್ದು ತೊಂಬತ್ತರ ದಶಕದಲ್ಲಿ, ನಿಪ್ಪಾಣಿ ಬಸ್‌ಸ್ಟ್ಯಾಂಡಿನಲ್ಲಿ. ನನ್ನ ಪಕ್ಕದಲ್ಲೇ ನಿಂತು, ಬಾಯಿಗೆ ಸೆರಗು ಒತ್ತಿಕೊಂಡು ಕೆಮ್ಮುತ್ತಿದ್ದರು. ನಾನು ಬ್ಯಾಗ್ ಎತ್ತಿಕೊಳ್ಳಲು ಬಗ್ಗಿ ಮುಖ ಮರೆಮಾಡಿಕೊಂಡೆ. ಕನ್ನಡಕ ಜಾರಿತು. ನೆಲ ಮುಟ್ಟುವ ಮೊದಲೇ ಅದು ಅವರ ಎರಡು ಬೆರಳುಗಳ ನಡುವೆ ಇತ್ತು.

“ಹಿಡದ್ನಿ ನೋಡ್ರಿ ಬಾಯಾರ,” ಎಂದರು, ಕೆಮ್ಮಿನ ನಡುವೆ. “ಈಗರ ಬರಕೋರಿ.”

ಚಿಕ್ಕೋಡಿ ಬಸ್ಸು ಬಂತು. ಕನ್ನಡಕ ಇಸಿದುಕೊಂಡು ಹತ್ತಿಬಿಟ್ಟೆ. ಥ್ಯಾಂಕ್ಸ್ ಕೂಡ ಹೇಳಲಿಲ್ಲ.